ಹೊಸ ಬ್ರೈಲ್ ಡಿಸ್‌ಪ್ಲೇ: 20 ಸೆಲ್ಲೋ, 40 ಸೆಲ್ಲೋ? ಹಳೆಯದರಲ್ಲಿ ಕನ್ನಡವೇ ಬರುತ್ತಿಲ್ಲ

ತೋಟದ ಲೆಕ್ಕಿಗ, ಮೂಡಿಗೆರೆ:
ಕಾಫಿ ತೋಟದಲ್ಲಿ ಲೆಕ್ಕ ಬರೆಯುತ್ತೇನೆ. ನನ್ನದು ಎಂಟು ವರ್ಷ ಹಳೆಯ 40 ಸೆಲ್‌ಗಳ ಡಿಸ್‌ಪ್ಲೇ: ಪರದೆಯ ಬರಹವನ್ನು ಬೆರಳಿಗೆ ತಾಗುವ ಚುಕ್ಕಿಗಳಾಗಿ ಎಬ್ಬಿಸುವ ಯಂತ್ರ; ಒಂದು ಸೆಲ್ ಎಂದರೆ ಒಂದು ಬ್ರೈಲ್ ಅಕ್ಷರದ ಚುಕ್ಕಿಗಳ ಜಾಗ. ಕಳೆದ ವಾರ ಹೊಸ ಲ್ಯಾಪ್‌ಟಾಪ್‌ಗೆ ಪರದೆ ಓದುವ ತಂತ್ರಾಂಶ ಎನ್‌ವಿಡಿಎ ಹಾಕಿಕೊಂಡೆ. ಇಂಗ್ಲಿಷ್ ಸರಿಯಾಗಿದೆ, ಕನ್ನಡ ಬಂದಲ್ಲೆಲ್ಲ ಎಕ್ಸ್, ಸೊನ್ನೆ, ಸಿ ಎಂದು ಸಾಲುಗಟ್ಟಲೆ ಕಸ. ಸಾಲದ್ದಕ್ಕೆ, ಮಳೆ ಹಿಡಿದಾಗಿನಿಂದ 12ನೆಯ ಸೆಲ್‌ನ ಎರಡನೆಯ ಚುಕ್ಕಿ ಏಳುತ್ತಿಲ್ಲ. ಶನಿವಾರದ ಬಟವಾಡೆಯಲ್ಲಿ ಒಬ್ಬರ 800 ರೂಪಾಯಿ ನನ್ನ ಬೆರಳಿಗೆ 500 ಆಯಿತು! ಯಜಮಾನರು ಹೊಸದಕ್ಕೆ ಅರ್ಧ ಹಣ ಕೊಡುತ್ತಾರೆ. ಆರ್ಬಿಟ್ ರೀಡರ್ 20 ಸಾಕೇ, ಫೋಕಸ್ 40 ಬೇಕೇ? ಮೊಬೈಲ್‌ಗೂ ಜೋಡಿಸಬೇಕು.

ಹಾಸನದ ಮೇಷ್ಟ್ರು:
ಸರ್, ಇವು ಎರಡು ಬೇರೆ ಕಾಯಿಲೆ. ಕನ್ನಡದ್ದು ಯಂತ್ರದ ತಪ್ಪಲ್ಲ. ಔಟ್‌ಪುಟ್ ಟೇಬಲ್ (ಅಕ್ಷರವನ್ನು ಚುಕ್ಕಿಗೆ ತಿರುಗಿಸುವ ಪಟ್ಟಿ) ಇಂಗ್ಲಿಷ್‌ನಲ್ಲಿದ್ದರೆ ಅದಕ್ಕೆ ಗೊತ್ತಿಲ್ಲದ ಅಕ್ಷರ, ಕಂಪ್ಯೂಟರ್‌ನಲ್ಲಿ ಅದಕ್ಕಿರುವ ಯೂನಿಕೋಡ್ ಸಂಖ್ಯೆಯಾಗಿ ಬರುತ್ತದೆ. ಕನ್ನಡದ ಆ ಸಂಖ್ಯೆಗಳೆಲ್ಲ ಸೊನ್ನೆ, ಸಿ ಎಂದೇ ಶುರುವಾಗುತ್ತವೆ. ಇನ್ಸರ್ಟ್ ಜೊತೆ ಎನ್ ಒತ್ತಿ, ಪ್ರಿಫರೆನ್ಸಸ್, ಸೆಟ್ಟಿಂಗ್ಸ್, ಬ್ರೈಲ್‌ಗೆ ಹೋಗಿ ಟೇಬಲ್ ಅನ್ನು ಕನ್ನಡಕ್ಕೆ ಬದಲಿಸಿ.

ಚುಕ್ಕಿಯದು ನಿಜವಾದ ತೊಂದರೆ. ಯಂತ್ರ ಆಫ್ ಮಾಡಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಮೇಲೆ ಮಾತ್ರ ಒರೆಸಿ. ರಂಧ್ರಕ್ಕೆ ಸ್ಪಿರಿಟ್ ಹನಿಸಬೇಡಿ, ಸೂಜಿಯನ್ನಂತೂ ಹತ್ತಿರವೂ ತರಬೇಡಿ. ಬೆರಳಿನ ಜಿಡ್ಡೇ ದೊಡ್ಡ ಶತ್ರು: ಬೋಂಡಾ ತಿಂದು ಓದಲು ಕೂರುವವರನ್ನು ನಾನು ಬಲ್ಲೆ, ಅವರಲ್ಲಿ ನಾನೂ ಒಬ್ಬ. ಒರೆಸಿದರೂ ಏಳದಿದ್ದರೆ ಸೆಲ್ ಬದಲಿಸಬೇಕು. ಅಲ್ಲಿಯವರೆಗೆ 12ನೆಯ ಸೆಲ್‌ಗೆ ಬಂದ ಅಂಕಿಯನ್ನು ಧ್ವನಿಯಲ್ಲೂ ಕೇಳಿ. 8ಕ್ಕೆ 1, 2, 5 ಚುಕ್ಕಿ. 2 ಬಿದ್ದರೆ ಉಳಿಯುವ 1, 5 ಚುಕ್ಕಿ ಎಂದರೆ ಅಂಕಿ 5 ತಾನೇ.

ಇನ್ನು ಕೊಳ್ಳುವ ಮಾತು. ಬ್ರೈಲ್‌ನಲ್ಲಿ ಒತ್ತಕ್ಷರವನ್ನು ಕೆಳಗೆ ತೂಗುಹಾಕಲು ಬರುವುದಿಲ್ಲ, ಸ್ವರಚಿಹ್ನೆಗೂ ಬೇರೆ ಸೆಲ್ ಬೇಕು. ‘ಹಾಸನ’ ನಾಲ್ಕೇ ಸೆಲ್, ‘ಚಿಕ್ಕಮಗಳೂರು’ ಹನ್ನೊಂದು. 20 ಸೆಲ್‌ನಲ್ಲಿ ನಿಮ್ಮ ಜಿಲ್ಲೆಯ ಹೆಸರೇ ಅರ್ಧಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಮೇಲಾಗಿ ಆರ್ಬಿಟ್ ರೀಡರ್ 20ರಲ್ಲಿ ಕರ್ಸರ್ ರೂಟಿಂಗ್ ಗುಂಡಿಗಳಿಲ್ಲ; ಫೋಕಸ್ 40ರಲ್ಲಿ ಪ್ರತಿ ಸೆಲ್‌ಗೂ ಒಂದಿದೆ. ತಪ್ಪಿದ ಅಂಕಿಯ ಮೇಲಿನ ಗುಂಡಿ ಒತ್ತಿದರೆ ಕರ್ಸರ್ ನೇರ ಅಲ್ಲಿಗೇ ಬರುತ್ತದೆ. ಲೆಕ್ಕ ಬರೆಯುವವರು ಇದನ್ನು ಬಿಟ್ಟು ಕೊಳ್ಳಬಾರದು ಎಂಬುದು ನನ್ನ ಹಟ.

ಸಕಲೇಶಪುರದ ಓದುಗಿ:
ಮೇಷ್ಟ್ರು ಆರ್ಬಿಟ್ ಅನ್ನು ತೀರಾ ತಳ್ಳಿಹಾಕಿದರು. ಬೆಲೆ ಬಹಳ ಕಡಿಮೆ; ಎಸ್‌ಡಿ ಕಾರ್ಡ್‌ನಲ್ಲಿ ಪುಸ್ತಕ ತುಂಬಿಕೊಂಡರೆ ಫೋನೂ ಬೇಡ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ಓದುವ ನನಗೆ ಅದೇ ಸಾಕು. ಲೆಕ್ಕದ ಹಾಳೆಗೆ ಮಾತ್ರ ನಾನೂ 40 ಎನ್ನುತ್ತೇನೆ.

ಫೋನ್ ಯಾವುದು? ಐಫೋನ್ ಆದರೆ ಬ್ಲೂಟೂತ್ ಪಟ್ಟಿಯಲ್ಲಿ ಹುಡುಕಬೇಡಿ, ಅದರ ಪರದೆ ಓದುವ ತಂತ್ರಾಂಶ ವಾಯ್ಸ್‌ಓವರ್‌ನ ಬ್ರೈಲ್ ವಿಭಾಗದಿಂದಲೇ ಜೋಡಿಸಿ. ಆಂಡ್ರಾಯ್ಡ್‌ನಲ್ಲಿ ಅದೇ ಕೆಲಸ ಮಾಡುವ ಈಗಿನ ಟಾಕ್‌ಬ್ಯಾಕ್‌ನಲ್ಲಿ ಬ್ರೈಲ್ ಡಿಸ್‌ಪ್ಲೇ ಸೌಲಭ್ಯ ಒಳಗೇ ಇದೆ. ಹಣ ಕೊಡುವ ಮೊದಲು ನಿಮ್ಮದೇ ಫೋನ್ ಒಯ್ದು, ಕನ್ನಡದ ಒಂದು ಸಂದೇಶ ತೆರೆದು ಓದಿ ನೋಡಿ.

ತೋಟದ ಲೆಕ್ಕಿಗ, ಮೂಡಿಗೆರೆ:
ಟೇಬಲ್ ಬದಲಿಸಿದೆ, ಕನ್ನಡ ಬಂತು. ಎಣಿಸಿದೆ ಮೇಷ್ಟ್ರೇ, ಹನ್ನೊಂದೇ! ಒರೆಸಿದರೂ ಚುಕ್ಕಿ ಎದ್ದಿಲ್ಲ. ಫೋನ್ ಆಂಡ್ರಾಯ್ಡ್. ಮಳೆ ಬಿಟ್ಟ ಮೇಲೆ ಬೆಂಗಳೂರಿಗೆ ಹೋಗಿ 40 ಸೆಲ್‌ನದನ್ನು ಮುಟ್ಟಿ ನೋಡುತ್ತೇನೆ. 300 ರೂಪಾಯಿ ಕೊಟ್ಟು ಕ್ಷಮೆ ಕೇಳಿದ್ದಾಯಿತು.