ಸಹಾಯ ಬೇಕು: ಇಮಿಟೇಷನ್ ಕ್ರ್ಯಾಬ್‌ನಲ್ಲಿ ಸುಕ್ಕ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ನಾವು ಕುಂದಾಪುರ ಕಡೆಯವರು, ಈಗ ನ್ಯೂಜೆರ್ಸಿಯಲ್ಲಿ ಇದ್ದೇವೆ. ಇಲ್ಲಿ ಒಳ್ಳೆಯ ಏಡಿ ಮುಟ್ಟೋ ಹಾಗಿಲ್ಲ, ಅಷ್ಟು ದುಬಾರಿ. ಅದಕ್ಕೆ ಇಮಿಟೇಷನ್ ಕ್ರ್ಯಾಬ್, ಅಂದರೆ ನಕಲಿ ಏಡಿ, ಎರಡು ಪ್ಯಾಕೆಟ್ ತಂದೆ. ಹೊರಗೆ ಕೆಂಪು, ಒಳಗೆ ಬಿಳಿ, ಕಡ್ಡಿ ಕಡ್ಡಿ ಇರುತ್ತಲ್ಲ, ಅದೇ.

ಮನೆಯಲ್ಲಿ ಏಡಿ ಸುಕ್ಕ ಮಾಡುವ ಹಾಗೇ ಮಾಡಿದೆ. ಬ್ಯಾಡಗಿ ಮೆಣಸು, ಕೊತ್ತಂಬರಿ ಹುರಿದು, ಕಾಯಿತುರಿ ಹಾಕಿ, ಹುಣಸೆಹುಳಿ ಬಿಟ್ಟು 15 ನಿಮಿಷ ಬೇಯಿಸಿದೆ. ಮುಚ್ಚಳ ತೆಗೆದರೆ ಕಡ್ಡಿಗಳೆಲ್ಲ ನೂಲುನೂಲಾಗಿ ಬಿಚ್ಚಿಕೊಂಡು ಒದ್ದೆ ಶಾವಿಗೆ ಥರ ಆಗಿದ್ದವು! ಮೇಲಿಂದ ಸಿಹಿ ಬೇರೆ. ಅತ್ತೆ ಒಂದು ತುತ್ತು ತಿಂದು, "ಇದು ಯಾವ ಊರಿನ ಏಡಿ ಮಾರಾಯ್ತಿ?" ಅಂದರು.

ಆಮೇಲೆ ಪ್ಯಾಕೆಟ್ ಓದಿದೆ (ಮೊದಲೇ ಓದಬೇಕಿತ್ತು). ಪೊಲಾಕ್ ಅನ್ನೋ ಮೀನನ್ನು ಅರೆದು, ಸ್ಟಾರ್ಚ್, ಸಕ್ಕರೆ, ಮೊಟ್ಟೆಯ ಬಿಳಿ ಸೇರಿಸಿ ಮಾಡಿದ್ದು. ಆಗಲೇ ಬೆಂದೂ ಇದೆ. ಅಂದರೆ ನಾನು ಬೆಂದದ್ದನ್ನೇ ಮತ್ತೆ ಬೇಯಿಸಿದ್ದೆ.

ಇನ್ನೊಂದು ಪ್ಯಾಕೆಟ್ ಫ್ರೀಜರ್‌ನಲ್ಲಿದೆ. ಮಸಾಲೆ ಪೂರ್ತಿ ಆದಮೇಲೆ ಕೊನೆಯ ಎರಡು ನಿಮಿಷ ಹಾಕಿದರೆ ನಿಲ್ಲುತ್ತಾ? ಆ ಸಿಹಿಗೆ ಹುಳಿ ಜಾಸ್ತಿ ಮಾಡಲಾ, ಖಾರವಾ? ಅಥವಾ ಸುಕ್ಕದ ಆಸೆ ಬಿಟ್ಟು ಸುಮ್ನೆ ಕಡ್ಲೆಹಿಟ್ಟಲ್ಲಿ ಅದ್ದಿ ಬಜ್ಜಿ ಕರಿಯಲಾ? ಫಿಶ್ ಬಾಲ್ (ಅರೆದ ಮೀನಿನ ಉಂಡೆ) ಹಾಕಿ ಹುಳಿ-ಖಾರದ ಪುಳಿಮುಂಚಿ ಮಾಡಿದವರಿದ್ದರೆ ಅದನ್ನೂ ಹೇಳಿ.

ಮತ್ತೆ, ಶನಿವಾರ ಊಟಕ್ಕೆ ಬರುವ ಮಗುವಿಗೆ ಮೊಟ್ಟೆ ಅಲರ್ಜಿ. ಮೊಟ್ಟೆ ಹಾಕದ ಇಂಥ ಪ್ಯಾಕೆಟ್ ಎಲ್ಲಾದರೂ ನೋಡಿದ್ದೀರಾ?