ಸಹಾಯ ಬೇಕು: ಕಿರ್ದಿ ಬಿಡದ ಹಿರಿಯರಿಗೆ ತಂತ್ರಾಂಶ ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ನೀಡಿದ ಗಣಕೀಕರಣ ಯೋಜನೆಯ ತಂತ್ರಾಂಶ ನಮ್ಮಲ್ಲಿಗೂ ಬಂದಿದೆ. ನಮ್ಮ ಹಿರಿಯ ಗುಮಾಸ್ತರು ಕಬ್ಬಿನ ಸಾಲದ ಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುವವರು. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಇಂದಿಗೂ ಎಲ್ಲವನ್ನೂ ಕಿರ್ದಿಯಲ್ಲೇ (ಕೈಯಲ್ಲಿ ಬರೆಯುವ ದಿನದ ಲೆಕ್ಕದ ಪುಸ್ತಕ) ಬರೆದು, ಸಂಜೆ ಚಲನ್‌ಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಇಡುತ್ತಾರೆ.

ಹಂತಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ, ಪಕ್ಕದಲ್ಲಿ ಕುಳಿತು ತೋರಿಸಿದೆ. ಜಮೆ ನಮೂದಿಸುವುದನ್ನು ಕಲಿತರು. ದಿನದ ಲೆಕ್ಕ ಮುಗಿಸುವ ಗುಂಡಿ ಬಂದಾಗ ಮಾತ್ರ, "ತಪ್ಪಾದರೆ ಕೆಂಪು ಶಾಯಿಯಲ್ಲಿ ತಿದ್ದಲು ಬರುವುದಿಲ್ಲ ತಂಗಿ" ಎಂದು ಕೈ ಹಿಂದೆಗೆಯುತ್ತಾರೆ. ಆ ಭಯ ನ್ಯಾಯವಾದದ್ದೇ.

ಕಿರ್ದಿಯನ್ನು ಒಮ್ಮೆಲೇ ನಿಲ್ಲಿಸಬೇಕೇ, ಕೆಲಕಾಲ ಎರಡನ್ನೂ ಜೊತೆಗೆ ನಡೆಸಬೇಕೇ? ಇಂಥ ಹಿರಿಯರಿಗೆ ಕಲಿಸಿದವರು ದಯವಿಟ್ಟು ತಿಳಿಸಿ.