ಅಪ್ಪನಿಗೆ ಯಾವ ಜಿಪಿಎಸ್ ವಾಚ್ ಕಟ್ಟಲಿ?

ಪ್ರಶ್ನೆ: ಮೇಡಂ, ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ. ಅಪ್ಪನಿಗೆ 76 ವರ್ಷ, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ. ಸಂಜೆಯಾದರೆ "ಕಣಕ್ಕೆ ಹೋಗಿ ಬರುತ್ತೇನೆ" ಎಂದು ಹೊರಟುಬಿಡುತ್ತಾರೆ. ಹೋದ ತಿಂಗಳು ಕತ್ತಲಾದ ಮೇಲೆ ತೋಡಿನ ಹತ್ತಿರ ಸಿಕ್ಕಿದರು. ಆನೆ ಓಡಾಡುವ ಜಾಗ ಅದು. ಜಿಪಿಎಸ್ ವಾಚ್ ತರಿಸಿದೆ. ತೋಟದೊಳಗೆ ಹೋದರೆ ಏನೂ ತೋರಿಸುವುದಿಲ್ಲ. ಅಪ್ಪ ಅದನ್ನು ಬಿಚ್ಚಿ ಅಕ್ಕಿ ಡಬ್ಬದಲ್ಲಿ ಇಡುತ್ತಾರೆ ಬೇರೆ. ಯಾವ ವಾಚ್ ಒಳ್ಳೆಯದು?

ಉತ್ತರ (ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳಿಗೆ ನೆರವಾಗುವ ಚಿಕಿತ್ಸಕಿ): ವಾಚ್ ಬದಲಿಸುವ ಮೊದಲು ಸಿಮ್ ನೋಡಿ. ಅಪ್ಪ ಎಲ್ಲಿದ್ದಾರೆ ಅನ್ನುವುದು ವಾಚ್‌ಗೆ ಉಪಗ್ರಹದಿಂದ ತಿಳಿಯುತ್ತದೆ. ಅದನ್ನು ನಿಮ್ಮ ಫೋನಿಗೆ ಕಳಿಸಲು ಮೊಬೈಲ್ ನೆಟ್‌ವರ್ಕ್ ಬೇಕು. ರೇಂಜ್ ಇಲ್ಲದ ಕಡೆ ವಾಚ್‌ಗೆ ಗೊತ್ತಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ವಾಚ್‌ಗಳು 2ಜಿಯಲ್ಲಿ ಮಾತ್ರ ಓಡುತ್ತವೆ, ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಹಾಗಾಗಿ ಅಂಥ ವಾಚ್‌ಗೆ ಜಿಯೋ ಸಿಮ್ ಆಗುವುದಿಲ್ಲ. ಒಂದು ದಿನ ಎರಡು ಮೂರು ಕಂಪನಿಯ ಸಿಮ್ ಹಿಡಿದು ಅಪ್ಪ ಹೋಗುವ ದಾರಿಯಲ್ಲೇ ಸುಮ್ನೆ ನಡೆದು ನೋಡಿ. ಮರ ಒತ್ತಾಗಿರುವ ಕಡೆ ಜಿಪಿಎಸ್ ಕೂಡ ಸ್ವಲ್ಪ ಆಚೀಚೆ ತೋರಿಸುತ್ತದೆ. ಆಪಲ್ ಕಂಪನಿಯ ಏರ್‌ಟ್ಯಾಗ್ (ವಸ್ತು ಹುಡುಕುವ ಪುಟ್ಟ ಬಿಲ್ಲೆ) ಬೇಡ. ಅದಕ್ಕೆ ಹತ್ತಿರದಲ್ಲೇ ಯಾರದಾದರೂ ಐಫೋನ್ ಇರಬೇಕು. ನಿಮ್ಮ ಕಾಫಿ ಗಿಡಗಳ ನಡುವೆ ಯಾರಿದ್ದಾರೆ, ಆನೆ ಬಿಟ್ಟರೆ?

ಅಂದಹಾಗೆ, ಅಪ್ಪ ಮೊದಲು ಯಾವ ವಾಚ್ ಕಟ್ಟುತ್ತಿದ್ದರು?

ಪ್ರಶ್ನೆ: ಎಚ್‌ಎಂಟಿ. ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಅದಕ್ಕೆ ಕೀ ಕೊಡುತ್ತಾರೆ. ನಾನು ಅದನ್ನು ಬಿಚ್ಚಿಸಿಯೇ ಹೊಸದು ಕಟ್ಟಿದ್ದು.

ಉತ್ತರ: ಅಕ್ಕಿ ಡಬ್ಬಕ್ಕೆ ಹೋಗದೆ ಇನ್ನೇನಾಗುತ್ತದೆ ಹೇಳಿ! ಎಚ್‌ಎಂಟಿ ವಾಪಸ್ ಕಟ್ಟಿ. ಬೆಂಕಿಪೊಟ್ಟಣದಷ್ಟು ದೊಡ್ಡ ಜಿಪಿಎಸ್ ಟ್ರ್ಯಾಕರ್ ಸಿಗುತ್ತದೆ, ದಿನಾ ಹಾಕುವ ಸ್ವೆಟರಿನ ಒಳಗಡೆ ಜೇಬು ಹೊಲಿದು ಇಡಿ. ಕದ್ದು ಇಡಬೇಡಿ, ಅವರಿಗೂ ಒಂದು ಮಾತು ಹೇಳಿ. ಅವರು ಸ್ನಾನಕ್ಕೆ ಹೋದಾಗ ಚಾರ್ಜ್‌ಗೆ ಹಾಕಿ. ಮಳೆಗಾಲದ ಕರೆಂಟ್ ನಿಮಗೆ ಗೊತ್ತಲ್ವಾ, ಪವರ್ ಬ್ಯಾಂಕ್ ತುಂಬಿಟ್ಟಿರಿ.

ನಾನಾಗಿದ್ದರೆ ಇದಕ್ಕೂ ಮೊದಲು ಬಾಗಿಲು ತೆರೆದರೆ ಕೂಗುವ ಬ್ಯಾಟರಿ ಅಲಾರಂ ಹಾಕುತ್ತಿದ್ದೆ. ಅದಕ್ಕೆ ರೇಂಜ್ ಬೇಡ, ಅವರು ಅಂಗಳ ದಾಟುವ ಮೊದಲೇ ನಿಮಗೆ ತಿಳಿಯುತ್ತದೆ. ಈ ಅಲೆದಾಟ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಇವುಗಳಿಂದಲೂ ಹಾಗಾಗುತ್ತದೆ. ಹಿರಿಯರ ಸಹಾಯವಾಣಿ 14567 ಕೂಡ ಬರೆದಿಟ್ಟುಕೊಳ್ಳಿ.

ಗುಂಪಿನ ಇನ್ನೊಬ್ಬ ಸದಸ್ಯರು: ಲೈನ್‌ಮನೆಯವರಿಗೂ (ತೋಟದ ಕೆಲಸಗಾರರಿಗೂ) ಹೇಳಿಡಿ ಅಣ್ಣ. ನಮ್ಮ ಅಜ್ಜಿ ದಾರಿ ತಪ್ಪಿದಾಗ ಮೊದಲು ನೋಡಿದ್ದು ಅವರೇ.

ಪ್ರಶ್ನೆ: ಸರಿ ಮೇಡಂ. ಆದರೆ ಕಣಕ್ಕೇ ಯಾಕೆ ಹೋಗುತ್ತಾರೋ? ಕೊಯ್ಲು ಮುಗಿದು ತಿಂಗಳುಗಳಾದವು.

ಉತ್ತರ: ನಲವತ್ತು ವರ್ಷ ಸಂಜೆ ಹೊತ್ತು ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಿದ ಕೈ ಇರಬೇಕು ಅದು. ನಾಲ್ಕು ಗಂಟೆಗೆ ನೀವೇ ಜೊತೆಗೆ ಹೋಗಿ ಬನ್ನಿ. ಮಡಚಲು ಒಂದು ಗೋಣಿಚೀಲ ಕೊಡಿ.